ಆರು ಜನ, ನಾಲ್ಕು ಪಾರ್ಕು, ಮೂರು ಥರದ ಟಿಕೆಟ್ಟು: ಒಂದು ಡಿಸ್ನಿ ವರ್ಲ್ಡ್ ಟ್ರಿಪ್ಪಿನ ಲೆಕ್ಕ

ಅಮೆರಿಕದ ಫ್ಲೋರಿಡಾದಲ್ಲಿ ಒರ್ಲ್ಯಾಂಡೋ ಹತ್ರ ಇರೋ ಡಿಸ್ನಿ ವರ್ಲ್ಡಿಗೆ ಹೊರಟವರೆಲ್ಲ ಮೊದಲು ಕೇಳೋದು "ಟಿಕೆಟ್ ಎಲ್ಲಿ ಕಮ್ಮಿಗೆ ಸಿಗತ್ತೆ" ಅಂತ. ನನ್ನ ಪ್ರಕಾರ ಅದು ಕೊನೇಲಿ ಕೇಳ್ಬೇಕಾದ ಪ್ರಶ್ನೆ. ಮನೇಲಿ ಯಾರ್ಯಾರು ಎಷ್ಟೆಷ್ಟು ದಿನ ನಿಜವಾಗ್ಲೂ ಗೇಟ್ ಒಳಗೆ ಹೋಗ್ತಾರೆ ಅನ್ನೋದನ್ನ ಮೊದಲು ಕೂತು ಬರ್ಕೊಂಡ್ರೆ ಉಳಿಯೋ ದುಡ್ಡು, ಯಾವ ಡಿಸ್ಕೌಂಟ್ ಸೈಟಲ್ಲೂ ಉಳಿಯಲ್ಲ. ಅಕ್ಕನ ಮನೆಯವರು 2025ರ ಫೆಬ್ರವರಿಯಲ್ಲಿ ಮಾಡಿದ ಟ್ರಿಪ್ಪಿನ ಟಿಕೆಟ್ ಲೆಕ್ಕ ಪೂರ್ತಿ ನಾನೇ ಹಾಕಿಕೊಟ್ಟಿದ್ದು, ಅದನ್ನೇ ಇಲ್ಲಿ ಮೊದಲಿಂದ ಬರೀತಿದೀನಿ, ಇದೇ ಥರ ಅಜ್ಜ ಅಜ್ಜಿ ಮಕ್ಕಳು ಎಲ್ಲ ಸೇರಿ ಹೋಗೋ ಮನೆಗಳಿಗೆ ಉಪಯೋಗ ಆಗತ್ತೆ ಅಂತ.

ಹೋಗೋರು ಆರು ಜನ. ಅಕ್ಕ, ಭಾವ, ಒಂಬತ್ತು ವರ್ಷದ ಮಗಳು, ಮಾರ್ಚಲ್ಲಿ ಮೂರು ತುಂಬೋ ಮಗ, ಆಮೇಲೆ ಆಗ ಅವರ ಜೊತೆ ಇರೋಕೆ ಬಂದಿದ್ದ ಭಾವನ ಅಪ್ಪ ಅಮ್ಮ. ಅಜ್ಜನಿಗೆ ನಡಿಗೆ ಪರವಾಗಿಲ್ಲ, ಅಜ್ಜಿಗೆ ಮಂಡಿ ನೋವು. ಇವರು ಫ್ಲೋರಿಡಾದವರಲ್ಲ, ಹಾಗಾಗಿ ಅಲ್ಲಿನ ನಿವಾಸಿಗಳಿಗೆ ಅಂತ ಇರೋ ರಿಯಾಯಿತಿ ಇವರಿಗಿಲ್ಲ. ಉಳ್ಕೊಳ್ಳೋದು ಡಿಸ್ನಿ ಹೋಟೆಲಲ್ಲಲ್ಲ, ಹೊರಗೆ ಬಾಡಿಗೆ ಮನೇಲಿ, ಓಡಾಟಕ್ಕೆ ಕಾರು.

ಅಕ್ಕನ ಮೊದಲ ಪ್ಲಾನ್ ತುಂಬ ಸರಳ ಇತ್ತು. ಏಪ್ರಿಲಲ್ಲಿ ಸ್ಕೂಲಿನ ಸ್ಪ್ರಿಂಗ್ ಬ್ರೇಕ್ ರಜೆಗೆ ಹೋಗೋದು, ಎಲ್ಲರಿಗೂ ಐದು ದಿನದ ಟಿಕೆಟ್, ಅದರ ಮೇಲೆ ಒಂದೇ ದಿನದಲ್ಲಿ ಒಂದು ಪಾರ್ಕಿಂದ ಇನ್ನೊಂದು ಪಾರ್ಕಿಗೆ ಹೋಗೋಕೆ ಬಿಡೋ ಪಾರ್ಕ್ ಹಾಪರ್. "ಅಷ್ಟು ದೂರ ಹೋಗ್ತೀವಿ, ಎಲ್ಲಾ ಇರ್ಲಿ, ಆಮೇಲೆ ಯೋಚನೆ ಬೇಡ" ಅಂದ್ಲು. ತಪ್ಪು ಮಾತೇನಲ್ಲ, ಆದ್ರೆ ಆ "ಎಲ್ಲಾ ಇರ್ಲಿ" ಅನ್ನೋದಕ್ಕೆ ಎಷ್ಟಾಗತ್ತೆ ಅಂತ ಬಿಡಿಸಿ ನೋಡೋಣ ಅಂತ ನಾನಂದೆ.

ಬಿಡಿಸೋಕೆ ಮುಂಚೆ ಆ ಟಿಕೆಟ್ ಕೆಲಸ ಮಾಡೋ ರೀತಿ ಗೊತ್ತಿರ್ಬೇಕು. ಒಳಗೆ ನಾಲ್ಕು ದೊಡ್ಡ ಪಾರ್ಕ್ ಇದೆ, 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್ಡಮ್. ಸಾದಾ ಟಿಕೆಟಲ್ಲಿ ದಿನಕ್ಕೆ ಒಂದೇ ಪಾರ್ಕ್. 2018ರ ಅಕ್ಟೋಬರಿಂದ ಒಂದಕ್ಕಿಂತ ಹೆಚ್ಚು ದಿನದ ಟಿಕೆಟ್ಟಿಗೂ ಯಾವ ತಾರೀಖಿಗೆ ಶುರು ಮಾಡ್ತೀವಿ ಅನ್ನೋದರ ಮೇಲೆ ರೇಟ್ ನಿಲ್ಲತ್ತೆ, ರಜೆ ವಾರದಲ್ಲಿ ಜಾಸ್ತಿ, ಸ್ಕೂಲು ನಡೀತಿರೋ ವಾರದಲ್ಲಿ ಕಮ್ಮಿ. ದಿನ ಜಾಸ್ತಿ ಆದ ಹಾಗೆ ದಿನವೊಂದಕ್ಕೆ ಬೀಳೋ ರೇಟು ಇಳೀತಾ ಹೋಗತ್ತೆ. ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, 3ರಿಂದ 9ರವರೆಗೆ ಮಕ್ಕಳ ಟಿಕೆಟ್, 10 ಆದ್ರೆ ದೊಡ್ಡವರ ಲೆಕ್ಕ. ವಯಸ್ಸಾದವರಿಗೆ ಅಂತ ಬೇರೆ ಕಮ್ಮಿ ರೇಟ್ ಇಲ್ಲ, ನಮ್ಮ ಲೆಕ್ಕ ಪೂರ್ತಿ ತಿರುಗಿದ್ದು ಇಲ್ಲೇ.

ಯಾಕೆ ಅಂದ್ರೆ ಮೊದಲು ಹೀಗಿರಲಿಲ್ಲ. 1971ರಲ್ಲಿ ಶುರುವಾದಾಗ ದೊಡ್ಡವರಿಗೆ ಒಳಗೆ ಹೋಗೋಕೆ ಮೂರೂವರೆ ಡಾಲರ್, ರೈಡ್‌ಗಳಿಗೆ ಬೇರೆ ಕೂಪನ್ ಪುಸ್ತಕ, ಎ ಇಂದ ಇ ವರೆಗೆ, ದೊಡ್ಡ ರೈಡಿಗೆಲ್ಲ ಇ ಕೂಪನ್. ಅಂದ್ರೆ ಸುಮ್ಮನೆ ನಡ್ಕೊಂಡು ನೋಡ್ಕೊಂಡು ಬರೋ ಅಜ್ಜ ಅಜ್ಜಿ ಕಮ್ಮಿ ಕೊಟ್ರೆ ಸಾಕಿತ್ತು. 1982ರಲ್ಲಿ ಆ ಪದ್ಧತಿ ಹೋಗಿ, ಒಳಗೆ ಹೋಗೋ ಟಿಕೆಟಲ್ಲೇ ಎಲ್ಲಾ ರೈಡ್ ಸೇರ್ಕೊಂಡ್ತು. ಈಗ ಹತ್ತು ರೈಡ್ ಹತ್ತೋ ಹುಡುಗಿಗೂ ಬೆಂಚ್ ಮೇಲೆ ಕೂತು ಪರೇಡ್ ನೋಡೋ ಅಜ್ಜಿಗೂ ಹೆಚ್ಚು ಕಮ್ಮಿ ಒಂದೇ ರೇಟ್. ರೈಡ್ ಹತ್ತದೇ ಇರೋರ ಖರ್ಚು ಕಮ್ಮಿ ಮಾಡೋಕೆ ಉಳಿದಿರೋದು ಒಂದೇ ದಾರಿ, ಅವರ ದಿನ ಕಮ್ಮಿ ಮಾಡೋದು.

ತಾರೀಖು ಮೊದಲು, ಟಿಕೆಟ್ ಆಮೇಲೆ

ಅಕ್ಕನ ತಲೇಲಿ ಇದ್ದ ಚಿಂತೆ ಮಗಳದ್ದು. ಮೇ ತಿಂಗಳಲ್ಲಿ ಅವಳಿಗೆ ಹತ್ತು ತುಂಬತ್ತೆ, ಅಷ್ಟರೊಳಗೆ ಹೋಗಿ ಬಂದ್ರೆ ಮಕ್ಕಳ ಟಿಕೆಟಲ್ಲಿ ಮುಗಿಯತ್ತೆ, ಅದಕ್ಕೇ ಏಪ್ರಿಲ್. ಆದ್ರೆ ಡಿಸ್ನಿ ವರ್ಲ್ಡಲ್ಲಿ ಮಕ್ಕಳ ಟಿಕೆಟ್ಟಿಗೂ ದೊಡ್ಡವರ ಟಿಕೆಟ್ಟಿಗೂ ಇರೋ ವ್ಯತ್ಯಾಸ ತುಂಬ ಚಿಕ್ಕದು, ದಿನಕ್ಕೆ ಸುಮಾರು ಐದು ಡಾಲರ್ ಅಂತಿಟ್ಕೊಳ್ಳಿ. ಎಷ್ಟೋ ಮನೆಗಳಲ್ಲಿ ಈ ಹತ್ತು ವರ್ಷದ ಗಡಿ ಬಗ್ಗೇನೇ ತಲೆ ಕೆಡಿಸ್ಕೊಳ್ತಾರೆ. ನಿಜವಾಗಿ ದುಡ್ಡು ಇರೋದು ಮೂರು ವರ್ಷದ ಗಡೀಲಿ, ಆ ಕಡೆ ಆದ್ರೆ ಪೂರ್ತಿ ಟಿಕೆಟ್, ಈ ಕಡೆ ಆದ್ರೆ ಸೊನ್ನೆ. ಏಪ್ರಿಲಿಗೆ ಹೋದ್ರೆ ಪುಟ್ಟನಿಗೆ ಮೂರು ತುಂಬಿರತ್ತೆ. ಫೆಬ್ರವರಿಗೆ ಹೋದ್ರೆ ಇಲ್ಲ.

ವಯಸ್ಸು ಸುಳ್ಳು ಹೇಳಿ ಕರ್ಕೊಂಡು ಹೋಗೋರು ಇದಾರೆ, ಅದನ್ನ ನಾನು ಯಾರಿಗೂ ಹೇಳಲ್ಲ, ಮಗು ಎದುರಿಗೇ ಸುಳ್ಳು ಹೇಳ್ಬೇಕಾಗತ್ತೆ. ತಾರೀಖು ಬದಲಾಯಿಸಿದ್ರೆ ಸುಳ್ಳೇ ಬೇಕಾಗಲ್ಲ.

ಹಾಗಾಗಿ ಜನವರಿ ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆ ಮುಗಿದ ಮೇಲೆ, ಫೆಬ್ರವರಿ ಮೂರನೇ ಸೋಮವಾರದ ಪ್ರೆಸಿಡೆಂಟ್ಸ್ ಡೇ ಬರೋ ಮುಂಚೆ, ಮಧ್ಯದಲ್ಲಿ ಸಿಗೋ ಆ ಕೆಲವು ವಾರಗಳನ್ನ ನೋಡಿದ್ವಿ. ಎರಡು ರಜೆ ಮಧ್ಯ ರೇಟೂ ಕಮ್ಮಿ, ಜನರೂ ಕಮ್ಮಿ. ಮಗಳಿಗೆ ಒಂದು ವಾರ ಸ್ಕೂಲು ತಪ್ಪತ್ತೆ ಅನ್ನೋದು ಭಾವನಿಗೆ ಇಷ್ಟ ಇರಲಿಲ್ಲ, ಆ ಬಗ್ಗೆ ಗಂಡ ಹೆಂಡತಿ ಸುಮಾರು ಮಾತಾಡ್ಕೊಂಡ್ರು, ಕೊನೆಗೆ ಟೀಚರ್ ಹತ್ರ ಮೊದಲೇ ಹೇಳಿ ಆ ವಾರದ ಪಾಠ ಮುಂಚೆಯೇ ತಗೊಳ್ಳೋದು ಅಂತ ಆಯ್ತು. ದೊಡ್ಡ ಕ್ಲಾಸಿನ ಮಕ್ಕಳಿದ್ರೆ ನಾನೇ ಬೇಡ ಅಂತಿದ್ದೆ.

ಫೆಬ್ರವರಿ ಅಂದ ತಕ್ಷಣ ಇನ್ನೊಂದು ಖರ್ಚೂ ತಾನಾಗಿ ಹೋಯ್ತು. ವಾಟರ್ ಪಾರ್ಕ್ ಸೇರಿಸಿರೋ ದುಬಾರಿ ಟಿಕೆಟ್ ಬಗ್ಗೆ ಮಗಳು ಕೇಳಿದ್ಲು, ಆದ್ರೆ ಆ ತಿಂಗಳಲ್ಲಿ ಒರ್ಲ್ಯಾಂಡೋದಲ್ಲೂ ಬೆಳಿಗ್ಗೆ ಚಳಿ ಇರ್ಬಹುದು, ನೀರಿಗೆ ಇಳಿಯೋ ದಿನ ಸಿಗತ್ತೆ ಅನ್ನೋ ಗ್ಯಾರಂಟಿ ಇಲ್ಲ, ಬಿಟ್ವಿ.

ಬಿಡಿಸಿ ನೋಡಿದ ಲೆಕ್ಕ

ಇಲ್ಲಿ ಹಾಕಿರೋ ನಂಬರ್‌ಗಳು ಲೆಕ್ಕ ಅರ್ಥ ಆಗ್ಲಿ ಅಂತ ರೌಂಡ್ ಮಾಡಿ ಇಟ್ಕೊಂಡ ಮಾದರಿ, ತಾರೀಖಿಗೆ ತಾರೀಖಿಗೆ ರೇಟ್ ಬೇರೆ ಆಗೋದ್ರಿಂದ ನಿಮ್ಮ ವಾರದ ರೇಟನ್ನ ನೀವೇ ನೋಡಿ ತುಂಬಿಸ್ಕೊಬೇಕು. ದೊಡ್ಡವರಿಗೆ ಎರಡು ದಿನಕ್ಕೆ 250 ಡಾಲರ್, ಮೂರು ದಿನಕ್ಕೆ 360, ನಾಲ್ಕು ದಿನಕ್ಕೆ 460, ಐದು ದಿನಕ್ಕೆ 510. ಮಗಳಿಗೆ ನಾಲ್ಕು ದಿನಕ್ಕೆ 440, ಐದು ದಿನಕ್ಕೆ 485. ಪಾರ್ಕ್ ಹಾಪರ್ ಬೇಕಂದ್ರೆ ತಲಾ 90. ಇದೆಲ್ಲದರ ಮೇಲೆ ಶೇಕಡಾ 6.5 ಟ್ಯಾಕ್ಸ್, ರೇಟ್ ಕ್ಯಾಲೆಂಡರಲ್ಲಿ ದೊಡ್ಡದಾಗಿ ಕಾಣೋ ನಂಬರಲ್ಲಿ ಅದು ಸೇರಿರಲ್ಲ, ಕೊನೆ ಪೇಜಲ್ಲಿ ಬರತ್ತೆ, ಐದಾರು ಜನದ ಟಿಕೆಟ್ ಆದಾಗ ಅದೇ ನೂರಾರು ಡಾಲರ್ ಆಗತ್ತೆ.

ಅಕ್ಕನ ಮೊದಲ ಪ್ಲಾನಿನ ಪ್ರಕಾರ ದೊಡ್ಡವರು ನಾಲ್ಕು ಜನಕ್ಕೆ ತಲಾ 600, ಮಗಳಿಗೆ 575, ಒಟ್ಟು 2975, ಟ್ಯಾಕ್ಸ್ ಸೇರಿ ಸುಮಾರು 3168 ಡಾಲರ್. ಇದು ಪುಟ್ಟನ್ನ ಬಿಟ್ಟು. ಏಪ್ರಿಲ್ ಆಗಿದ್ರೆ ಅವನ ಟಿಕೆಟ್ಟೂ ಸೇರಿ, ರಜೆ ವಾರದ ರೇಟೂ ಸೇರಿ ಇನ್ನೂ ಮೇಲೆ ಹೋಗ್ತಿತ್ತು.

ಮೊದಲು ಹೋಗಿದ್ದು ಹಾಪರ್. ಐದು ಜನಕ್ಕೆ 450 ಡಾಲರ್. ಹಾಪರ್ ಇದ್ರೆ ಒಳ್ಳೇದು ಅನ್ನೋದು ನಿಜ, ಆದ್ರೆ ಯಾರಿಗೆ ಅಂದ್ರೆ ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಂದ ರಾತ್ರಿ ಪಟಾಕಿವರೆಗೆ ಓಡಾಡೋ ಶಕ್ತಿ ಇರೋರಿಗೆ, ದೊಡ್ಡ ಮಕ್ಕಳಿರೋರಿಗೆ, ಎರಡೇ ದಿನದಲ್ಲಿ ನಾಲ್ಕೂ ಪಾರ್ಕ್ ನೋಡಿ ಓಡ್ಬೇಕಾದವರಿಗೆ. ಮಧ್ಯಾಹ್ನ ಮಲಗೋ ಮಗು ಒಂದು ಕಡೆ, ಮಂಡಿ ನೋವಿನ ಅಜ್ಜಿ ಇನ್ನೊಂದು ಕಡೆ, ಇವರನ್ನ ಕರ್ಕೊಂಡು ಒಂದು ಪಾರ್ಕಿಂದ ಹೊರಗೆ ಬಂದು, ಸ್ಟ್ರಾಲರ್ ಮಡಚಿ, ಬಸ್ಸಲ್ಲೋ ಕಾರಲ್ಲೋ ಹೋಗಿ, ಮತ್ತೆ ಸೆಕ್ಯೂರಿಟಿ ದಾಟಿ ಇನ್ನೊಂದು ಪಾರ್ಕೊಳಗೆ ಹೋಗೋದು ಅಂದ್ರೆ ಅರ್ಧ ಮಧ್ಯಾಹ್ನ ದಾರೀಲೇ ಹೋಗತ್ತೆ. "ನೀನು ನಿಜವಾಗ್ಲೂ ಅದನ್ನ ಮಾಡ್ತೀಯಾ ಹೇಳು" ಅಂತ ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ "ಇಲ್ಲ, ಮನೆಗೆ ಬಂದು ಮಲಗಿಸ್ತೀನಿ" ಅಂದ್ಲು. ಆ ಉತ್ತರಕ್ಕೆ ಟ್ಯಾಕ್ಸ್ ಸೇರಿ 479 ಡಾಲರ್ ಬೆಲೆ.

ಎರಡನೇದು ಐದನೇ ದಿನ, ಇದು ಸ್ವಲ್ಪ ಕಷ್ಟದ್ದು, ಯಾಕಂದ್ರೆ ನೋಡೋಕೆ ಅಗ್ಗ. ನಾಲ್ಕು ದಿನದಿಂದ ಐದಕ್ಕೆ ಹೋಗೋಕೆ ದೊಡ್ಡವರಿಗೆ ಬರೀ 50 ಡಾಲರ್, ಆರು ಏಳು ದಿನಕ್ಕೆ ಹೋದ್ರೆ ಇನ್ನೂ ಕಮ್ಮಿ ಸೇರತ್ತೆ, ದಿನವೊಂದಕ್ಕೆ ಬೀಳೋ ರೇಟ್ ಇಳಿದಿದ್ದು ನೋಡಿ ಇದೇ ಲಾಭ ಅನ್ಸತ್ತೆ. ಭಾವ ಇದಕ್ಕೇ ಅಂಟ್ಕೊಂಡಿದ್ರು, "ಐವತ್ತು ಡಾಲರಿಗೆ ಒಂದಿಡೀ ದಿನ ಯಾರು ಕೊಡ್ತಾರೆ" ಅಂತ. ನಾನು ಹೇಳಿದ್ದು ಇಷ್ಟೇ, ಭಾವ, ಆ ದಿನ ಬರೀ ಐವತ್ತು ಡಾಲರಿಗೆ ಮುಗಿಯಲ್ಲ. ನಿಮ್ಮ ಮೂರು ಜನಕ್ಕೆ ಟ್ಯಾಕ್ಸ್ ಸೇರಿ ಸುಮಾರು 154, ಅದರ ಮೇಲೆ ಪಾರ್ಕಿಂಗ್, ಅದು 2023ರ ಅಕ್ಟೋಬರಲ್ಲಿ 25ರಿಂದ 30 ಡಾಲರ್ ಆಗಿದೆ, ಡಿಸ್ನಿ ಹೋಟೆಲಲ್ಲಿ ಇಳಿದಿದ್ರೆ ಫ್ರೀ ಇರ್ತಿತ್ತು. ಪಾರ್ಕ್ ಒಳಗೆ ಎರಡು ಹೊತ್ತಿನ ಊಟ. ಸಾಲು ತಪ್ಪಿಸೋ ಲೈಟ್ನಿಂಗ್ ಲೇನ್ ತಗೊಂಡ್ರೆ ಅದೂ ತಲಾ ಇಷ್ಟು ಅಂತ ಬೇರೆ. ನಾಲ್ಕು ಪಾರ್ಕಿಗೆ ನಾಲ್ಕು ದಿನ ಆಯ್ತು, ಐದನೇ ದಿನ ಯಾವ ಪಾರ್ಕಿಗೆ, ಯಾಕೆ ಅಂತ ಹೇಳೋಕೆ ಆದ್ರೆ ತಗೊಳ್ಳಿ. ಅವರಿಗೆ ಹೇಳೋಕೆ ಆಗಲಿಲ್ಲ. ಸರಾಸರಿ ರೇಟ್ ಇಳಿಯೋದು ನೋಡಿ ದಿನ ಸೇರಿಸ್ಬಾರದು, ಒಟ್ಟು ಬಿಲ್ ಏರೋದನ್ನ ನೋಡ್ಬೇಕು, ಇದನ್ನ ನಾನು ಯಾರಿಗಾದ್ರೂ ಜೋರಾಗಿ ಹೇಳ್ತೀನಿ.

ಅಲ್ಲಿಗೆ ಅಕ್ಕ, ಭಾವ, ಮಗಳು ಮೂರೂ ಜನಕ್ಕೆ ನಾಲ್ಕು ದಿನದ ಸಾದಾ ಟಿಕೆಟ್, 1360 ಡಾಲರ್. ನಾಲ್ಕು ದಿನದ ಟಿಕೆಟನ್ನ ಶುರುವಾದ ದಿನದಿಂದ ಏಳು ದಿನದೊಳಗೆ ಯಾವಾಗ ಬೇಕಾದ್ರೂ ಉಪಯೋಗಿಸ್ಬಹುದು, ಹಾಗಾಗಿ ಮಧ್ಯೆ ಮಧ್ಯೆ ರೆಸ್ಟ್ ಇಟ್ಕೊಳ್ಳೋಕೆ ಜಾಗ ಇತ್ತು.

ಅಜ್ಜ ಅಜ್ಜಿಯ ಟಿಕೆಟ್

ಎಲ್ಲಕ್ಕಿಂತ ಹೊತ್ತು ತಗೊಂಡಿದ್ದು ಇದು, ಬರೀ ದುಡ್ಡಿನ ವಿಷಯ ಅಲ್ಲದೇ ಇರೋದ್ರಿಂದ. ಅಕ್ಕನಿಗೆ ಅತ್ತೆ ಮಾವನಿಗೆ ಕಮ್ಮಿ ದಿನದ ಟಿಕೆಟ್ ತಗೊಳ್ಳೋದು ಅಂದ್ರೆ ಅವರನ್ನ ಕಡೆಗಣಿಸಿದ ಹಾಗೆ ಆಗತ್ತೆ ಅನ್ನೋ ಸಂಕೋಚ. ಅವರನ್ನೇ ಕೇಳಿದ್ರೆ "ನಮಗ್ಯಾಕಮ್ಮ ಸುಮ್ನೆ ಖರ್ಚು, ನೀವು ಹೋಗಿ ಬನ್ನಿ" ಅಂತಾರೆ, ಅದನ್ನ ಹಾಗೇ ತಗೊಳ್ಳೋಕೂ ಆಗಲ್ಲ. ಹಾಗಾಗಿ ಟಿಕೆಟ್ ಬಗ್ಗೆ ಕೇಳೋದು ಬಿಟ್ಟು, ಒಂದೊಂದು ಪಾರ್ಕಿನ ವೀಡಿಯೋ ಟೀವೀಲಿ ಹಾಕಿ ತೋರಿಸು, ಯಾವುದರಲ್ಲಿ ಮುಖ ಅರಳತ್ತೆ ನೋಡು ಅಂತ ಅಕ್ಕನಿಗೆ ಹೇಳಿದೆ. ಅಜ್ಜಿಗೆ ಅನಿಮಲ್ ಕಿಂಗ್ಡಮ್ಮಿನ ಕಿಲಿಮಂಜಾರೋ ಸಫಾರಿ ಇಷ್ಟ ಆಯ್ತು, ಗಾಡೀಲಿ ಕೂತ್ಕೊಂಡೇ ಆನೆ, ಜಿರಾಫೆ, ಸಿಂಹ ನೋಡ್ಬಹುದಲ್ಲ. ಮ್ಯಾಜಿಕ್ ಕಿಂಗ್ಡಮ್ ಮೊಮ್ಮಕ್ಕಳ ಜೊತೆ ನೋಡ್ಲೇಬೇಕು ಅಂದ್ರು ಇಬ್ರೂ. ಅಜ್ಜನಿಗೆ ಎಪ್ಕಾಟಲ್ಲಿ ಕೆರೆ ಸುತ್ತ ಹನ್ನೊಂದು ದೇಶಗಳ ಪೆವಿಲಿಯನ್ ಇದೆ ಅಂತ ಗೊತ್ತಾದ ಮೇಲೆ ಅದರ ಮೇಲೆ ಮನಸ್ಸು, ಆದ್ರೆ ಅಜ್ಜಿಗೆ ಅಷ್ಟು ನಡೆಯೋಕೆ ಆಗತ್ತೋ ಇಲ್ವೋ ಅನ್ನೋ ಅನುಮಾನ. ಹಾಲಿವುಡ್ ಸ್ಟುಡಿಯೋಸ್ ಇಬ್ರಿಗೂ ಬೇಡ.

ಸ್ಟುಡಿಯೋಸ್ ಬೇಡ ಅಂದಿದ್ದು ಇನ್ನೊಂದು ರೀತೀಲಿ ಅನುಕೂಲ ಆಯ್ತು. ಅಲ್ಲಿನ ಮುಖ್ಯ ರೈಡ್‌ಗಳಿಗೆ ಎತ್ತರದ ಮಿತಿ ಇದೆ, ಸ್ಲಿಂಕಿ ಡಾಗ್ ಡ್ಯಾಶಿಗೆ 38 ಇಂಚು, ರೈಸ್ ಆಫ್ ದ ರೆಸಿಸ್ಟೆನ್ಸಿಗೆ 40, ಪುಟ್ಟ ಅಷ್ಟಿಲ್ಲ. ಆವತ್ತು ಪುಟ್ಟ ಅಜ್ಜ ಅಜ್ಜಿ ಜೊತೆ ಬಾಡಿಗೆ ಮನೇಲಿ, ಅಕ್ಕ ಭಾವ ಮಗಳು ಮೂರೇ ಜನ ಪಾರ್ಕಲ್ಲಿ. ಬೇರೆ ದಿನಗಳಿಗೆ ರೈಡರ್ ಸ್ವಿಚ್ ಇದ್ದೇ ಇದೆ, ಚಿಕ್ಕ ಮಗು ಇರೋರಲ್ಲಿ ಒಬ್ರು ರೈಡ್ ಮುಗಿಸ್ಕೊಂಡು ಬರೋವರೆಗೆ ಇನ್ನೊಬ್ರು ಮಗು ಜೊತೆ ಇದ್ದು, ಆಮೇಲೆ ಪೂರ್ತಿ ಸಾಲು ಮತ್ತೆ ನಿಲ್ಲದೇ ಹೋಗ್ಬಹುದು, ಅದಕ್ಕೆ ದುಡ್ಡಿಲ್ಲ.

ಭಾವ ಮಧ್ಯೆ ಒಂದು ಉಪಾಯ ತಂದ್ರು, ಒಂದು ನಾಲ್ಕು ದಿನದ ಟಿಕೆಟ್ ತಗೊಂಡು ಅಪ್ಪ ಎರಡು ದಿನ ಅಮ್ಮ ಎರಡು ದಿನ ಹೋದ್ರೆ ಆಗಲ್ವಾ ಅಂತ. ಆಗಲ್ಲ. ಟಿಕೆಟ್ ಒಬ್ಬರು ಉಪಯೋಗಿಸಿದ ಮೇಲೆ ಅವರದ್ದೇ, ಗೇಟಲ್ಲಿ ಬೆರಳು ಸ್ಕ್ಯಾನ್ ಮಾಡಿಸ್ತಾರೆ. ಇದೇ ಕಾರಣಕ್ಕೆ ಯಾರೋ ಎರಡು ದಿನ ಉಪಯೋಗಿಸಿ ಉಳಿದ ದಿನ ಅಗ್ಗಕ್ಕೆ ಮಾರ್ತೀನಿ ಅಂದ್ರೆ ತಗೊಳ್ಲೇಬಾರದು. ಒರ್ಲ್ಯಾಂಡೋ ಕಡೆ ಟೈಮ್‌ಶೇರ್, ಅಂದ್ರೆ ರಜೆ ಮನೆಯಲ್ಲಿ ವರ್ಷಕ್ಕೆ ಇಷ್ಟು ದಿನ ಅಂತ ಪಾಲು, ಮಾರೋ ಮೀಟಿಂಗಿಗೆ ಬಂದು ಕೂತ್ರೆ ಟಿಕೆಟ್ ಕಮ್ಮಿಗೆ ಕೊಡ್ತೀವಿ ಅನ್ನೋರೂ ಇದಾರೆ, ಟಿಕೆಟ್ ನಿಜವಾಗಿ ಸಿಗ್ಬಹುದು, ಆದ್ರೆ ರಜೇಲಿ ಒಂದು ಬೆಳಿಗ್ಗೆ ಪೂರ್ತಿ ಮಾರಾಟದವರ ಎದುರು ಕೂರ್ಬೇಕು, ಅಜ್ಜಿ ಮಗು ಎಲ್ಲ ಇರೋ ಮನೆಗೆ ನಾನಂತೂ ಬೇಡ ಅಂತೀನಿ.

ನಾಲ್ಕು ದಿನ ನಾಲ್ಕು ಪಾರ್ಕ್ ಅಂತ ಆಗಾಗ ಬರೋ ಆಫರ್ ಟಿಕೆಟ್ಟೂ ಇವರಿಗೆ ಹೊಂದಲ್ಲ, ಅದರಲ್ಲಿ ಪ್ರತಿ ಪಾರ್ಕಿಗೂ ಒಂದೇ ಸಲ ಎಂಟ್ರಿ, ಯಾವ ತಾರೀಖಿಗೆ ಸಿಗತ್ತೆ ಅನ್ನೋದಕ್ಕೂ ಮಿತಿ. ಅಕ್ಕ ಭಾವನಿಗೆ ಹೊಂದ್ತಿತ್ತು, ಅವರ ತಾರೀಖಿಗೆ ಇರಲಿಲ್ಲ ಅಷ್ಟೇ. ನೀವು ಹೋಗೋವಾಗ ಅದೊಂದನ್ನ ಮೊದಲು ನೋಡಿ.

ಈಗ ಎರಡು ದಿನವೋ ಮೂರು ದಿನವೋ ಅನ್ನೋ ಪ್ರಶ್ನೆ. ಎರಡೇ ದಿನ ಅಂದ್ರೆ ಇಬ್ರಿಗೂ ಸೇರಿ 500, ಮೂರು ದಿನ ಅಂದ್ರೆ 720, ಟ್ಯಾಕ್ಸ್ ಸೇರಿ 234 ಡಾಲರ್ ವ್ಯತ್ಯಾಸ. ಇಲ್ಲಿ ಡಿಸ್ನಿ ಟಿಕೆಟ್ಟಿನ ಒಂದು ಗುಣ ನೆನಪಿಟ್ಕೊಂಡ್ರೆ ಮನೇಲೇ ಕೂತು ಊಹೆ ಮಾಡ್ಬೇಕಾಗಿಲ್ಲ. ದಿನ ಸೇರಿಸೋದು ಆಮೇಲೂ ಆಗತ್ತೆ, ಟಿಕೆಟ್ಟಿನ ಅವಧಿ ಮುಗಿಯೋ ಮುಂಚೆ ಪಾರ್ಕಿನ ಸಹಾಯ ಕೌಂಟರ್ ಆದ ಗೆಸ್ಟ್ ರಿಲೇಶನ್ಸ್ ಹತ್ರ ಹೋಗಿ ವ್ಯತ್ಯಾಸದ ದುಡ್ಡು ಕಟ್ಟಿದ್ರೆ ಸಾಕು. ದಿನ ಕಮ್ಮಿ ಮಾಡಿ ದುಡ್ಡು ವಾಪಸ್ ತಗೊಳ್ಳೋದು ಆಗಲ್ಲ. ಒಂದು ಸಲ ಒಳಗೆ ಹೋದ ಮೇಲೆ ಅಜ್ಜಿ ಹುಷಾರು ತಪ್ಪಿ ಮಲಗಿದ್ರೆ ಉಳಿದ ದಿನಗಳು ಹೋದ ಹಾಗೇ. ಆದ್ದರಿಂದ ಅನುಮಾನ ಇರೋ ಕಡೆ ಕಮ್ಮಿ ದಿನದಿಂದ ಶುರು ಮಾಡೋದು. ಅಜ್ಜ ಅಜ್ಜಿಗೆ ಎರಡು ದಿನದ ಟಿಕೆಟ್ಟೇ ತಗೊಂಡ್ವಿ, ಅದೂ ಡಿಸ್ನಿ ಸೈಟಲ್ಲೇ ನೇರವಾಗಿ, ಮಧ್ಯದಲ್ಲಿ ಬದಲಾಯಿಸೋ ಸಾಧ್ಯತೆ ಇರೋದನ್ನ ಬೇರೆಯವರ ಮೂಲಕ ತಗೊಂಡು ಆಮೇಲೆ ಕೌಂಟರಲ್ಲಿ ವಿವರಿಸ್ತಾ ನಿಲ್ಲೋದು ಬೇಡ ಅಂತ. ಬದಲಾಗೋ ಮಾತೇ ಇಲ್ಲದ ಮೂರು ಟಿಕೆಟ್‌ಗಳನ್ನ ಡಿಸ್ನಿಯಿಂದ ಅಧಿಕೃತ ಅನುಮತಿ ಇರೋ ಮಾರಾಟಗಾರರ ಹತ್ರ ತಗೊಂಡು ಸ್ವಲ್ಪ ಉಳೀತು. "ಎಲ್ಲಿ ಕಮ್ಮಿಗೆ ಸಿಗತ್ತೆ" ಅನ್ನೋ ಪ್ರಶ್ನೆ ಬಂದಿದ್ದು ಇಲ್ಲಿ, ಕೊನೇಲಿ.

ದಿನ ಜೋಡಿಸುವಾಗ ಅವಧಿ ನೋಡ್ಕೊಂಡು ಜೋಡಿಸ್ಬೇಕಾಯ್ತು. ಎರಡು ದಿನದ ಟಿಕೆಟ್ ನಾಲ್ಕು ದಿನದೊಳಗೆ ಮುಗಿಸ್ಬೇಕು, ಮೂರು ದಿನದ್ದು ಐದು ದಿನದೊಳಗೆ. ಹಾಗಾಗಿ ಸೋಮವಾರ ಅನಿಮಲ್ ಕಿಂಗ್ಡಮ್ ಎಲ್ಲರೂ, ಬುಧವಾರ ಮ್ಯಾಜಿಕ್ ಕಿಂಗ್ಡಮ್ ಎಲ್ಲರೂ, ಶುಕ್ರವಾರ ಎಪ್ಕಾಟ್, ಭಾನುವಾರ ಸ್ಟುಡಿಯೋಸ್. ಸೋಮವಾರದಿಂದ ಎಣಿಸಿದ್ರೆ ಶುಕ್ರವಾರ ಐದನೇ ದಿನ, ಅಂದ್ರೆ ಅಜ್ಜ ಅಜ್ಜಿ ದಿನ ಸೇರಿಸಿದ್ರೂ ಎಪ್ಕಾಟ್ ಅವಧಿಯೊಳಗೇ ಬರತ್ತೆ. ಭಾನುವಾರ ಏಳನೇದು, ಅಕ್ಕನವರ ಟಿಕೆಟ್ಟಿಗೂ ಸರಿ. ಎಪ್ಕಾಟ್ ಶನಿವಾರಕ್ಕೆ ಇಟ್ಟಿದ್ರೆ ದಿನ ಸೇರಿಸೋ ದಾರಿಯೇ ಮುಚ್ಚಿಹೋಗ್ತಿತ್ತು. ಕ್ಯಾಲೆಂಡರ್ ಎದುರಿಗಿಟ್ಕೊಂಡು ಟಿಕೆಟ್ ತಗೊಳ್ಳಿ ಅನ್ನೋದು ಇದಕ್ಕೇ.

ಬುಧವಾರ ಸಂಜೆ ಮ್ಯಾಜಿಕ್ ಕಿಂಗ್ಡಮ್ಮಲ್ಲಿ ಅಜ್ಜಿನೇ ಹೇಳಿದ್ರಂತೆ, ಗಾಲಿಕುರ್ಚಿ ಬಾಡಿಗೆಗೆ ಸಿಗತ್ತೆ ಅಂದ್ರೆ ನಾನೂ ಆ ದೇಶಗಳನ್ನ ನೋಡ್ತೀನಿ ಅಂತ. ಹೊರಗೆ ಬರೋ ಮುಂಚೆ ಗೆಸ್ಟ್ ರಿಲೇಶನ್ಸಿಗೆ ಹೋಗಿ ಇಬ್ರಿಗೂ ಒಂದೊಂದು ದಿನ ಸೇರಿಸಿದ್ರು. ಕಮ್ಮಿ ಖರ್ಚಿನ ಪ್ಲಾನಿಗಿಂತ 234 ಡಾಲರ್ ಜಾಸ್ತಿ ಹೋಯ್ತು, ನನಗೆ ಅದು ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಸರಿಯಾಗಿ ಖರ್ಚಾದ ದುಡ್ಡು ಅನ್ಸತ್ತೆ, ಹೋಗೋರು ತಾವೇ ಬೇಕು ಅಂತ ಕೇಳಿದ ಮೇಲೆ ಕೊಟ್ಟಿದ್ದು.

ಒಟ್ಟು ಟಿಕೆಟ್ 2080, ಟ್ಯಾಕ್ಸ್ ಸೇರಿ ಸುಮಾರು 2215 ಡಾಲರ್. ಮೊದಲ ಪ್ಲಾನಿಗಿಂತ 953 ಕಮ್ಮಿ, ಪುಟ್ಟನ ಟಿಕೆಟ್ ಉಳಿದಿದ್ದು ಇದರಲ್ಲಿ ಸೇರಿಲ್ಲ. ಯಾರೂ ಯಾವ ಪಾರ್ಕನ್ನೂ ಬೇಕು ಅಂತ ಆಸೆಪಟ್ಟು ಬಿಟ್ಟಿಲ್ಲ. ಉಳಿದಿದ್ದರಲ್ಲಿ ಸ್ವಲ್ಪ ತೆಗೆದು ಬುಧವಾರಕ್ಕೂ ಭಾನುವಾರಕ್ಕೂ ಲೈಟ್ನಿಂಗ್ ಲೇನ್ ತಗೊಂಡ್ರು, ರೈಡ್ ಹತ್ತೋ ಮೂರು ಜನಕ್ಕೆ ಮಾತ್ರ. ಹೊರಗೆ ಉಳ್ಕೊಳ್ಳೋರಿಗೆ ಅದರ ಬುಕಿಂಗ್ ಮೂರು ದಿನ ಮುಂಚೆ ತೆಗೆಯತ್ತೆ, ಡಿಸ್ನಿ ಹೋಟೆಲಿನವರಿಗೆ ಏಳು ದಿನ ಮುಂಚೆ, ಹಾಗಾಗಿ ಬೆಳಿಗ್ಗೆ ಬೇಗ ಎದ್ದು ಆಪ್ ತೆಗೆದು ಕೂತಿದ್ದು ಮಗಳು.

ಈಗ ಅಕ್ಕ ಯೂನಿವರ್ಸಲ್ ಬಗ್ಗೆ ಕೇಳ್ತಿದಾಳೆ, 2025ರ ಮೇ 22ಕ್ಕೆ ಒರ್ಲ್ಯಾಂಡೋದಲ್ಲೇ ಎಪಿಕ್ ಯೂನಿವರ್ಸ್ ಶುರುವಾಗಿದೆಯಲ್ಲ, ಮಗಳಿಗೆ ಅದು ಬೇಕಂತೆ. ಅಲ್ಲಿನ ಲೆಕ್ಕ ಬೇರೆ ಥರ ಬರತ್ತೆ, ಪುಟ್ಟನಿಗೆ ಈಗ ಟಿಕೆಟ್ ಬೇಕು, ಮಗಳು ದೊಡ್ಡವರ ಸಾಲಿಗೆ ಬಂದಳು. ಹಳೇ ಶೀಟನ್ನೇ ಕಾಪಿ ಮಾಡಿ ಕಳಿಸಿದೀನಿ, ರೇಟಿನ ಕಾಲಮ್ ಖಾಲಿ ಬಿಟ್ಟು, ಯಾರು ಯಾವ ದಿನ ಒಳಗೆ ಹೋಗ್ತಾರೆ ಅನ್ನೋ ಕಾಲಮ್ ಮೊದಲು ತುಂಬಿಸಿ ವಾಪಸ್ ಕಳಿಸು ಅಂತ ಹೇಳಿದೀನಿ.